ಸರತಿಯ ನ್ಯಾಯ

ಇರುವುದು ಒಂದು ಮನೆ, ಬೇಡುವವರು ಇಬ್ಬರು. ಒಬ್ಬಾತ ಹತ್ತು ವರ್ಷಗಳಿಂದ ಕಾದಿದ್ದಾನೆ. ಅವನ ತಲೆಯ ಮೇಲೆ ಹೇಗೋ ಒಂದು ಸೂರಿದೆ. ಇನ್ನೊಬ್ಬಾಕೆ ನಿನ್ನೆ ತಾನೇ ಅರ್ಜಿ ಸಲ್ಲಿಸಿದವಳು. ಎರಡು ಮಕ್ಕಳೊಡನೆ ಬೀದಿಗೆ ಬಿದ್ದಿದ್ದಾಳೆ. ಬೀಗದ ಕೈ ಯಾರಿಗೆ ಸಲ್ಲಬೇಕು? ಇಂಗ್ಲೆಂಡಿನ ಪುರಸಭೆಗಳು ಈ ಪ್ರಶ್ನೆಯನ್ನು ನೂರು ವರ್ಷಗಳಿಂದ ಎದುರಿಸುತ್ತ ಬಂದಿವೆ.

ಮೊದಲನೆಯ ಮಹಾಯುದ್ಧದ ತರುವಾಯ, 1919ರಲ್ಲಿ, ಸಚಿವ ಆಡಿಸನ್ನರ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆಯೊಂದು ಅಲ್ಲಿ ಜಾರಿಗೆ ಬಂತು. ಸರ್ಕಾರದ ಸಹಾಯಧನದಿಂದ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಹೊಣೆ ಅದರಿಂದ ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು. ಮನೆಗಳೆದ್ದವು, ಅವುಗಳಿಗಿಂತ ವೇಗವಾಗಿ ಅರ್ಜಿಗಳ ಪಟ್ಟಿಯೂ ಬೆಳೆಯಿತು. ಕಟ್ಟುವುದಕ್ಕಿಂತ ಹಂಚುವುದೇ ಕಠಿಣವೆಂಬುದು ಆಗ ತಿಳಿಯಿತು.

ಮೊದಲು ಬಂದವನಿಗೆ ಮೊದಲ ಮನೆ ಎಂಬುದು ಅತ್ಯಂತ ಸರಳವಾದ ಕ್ರಮ. ಅಲ್ಲಿ ಶಿಫಾರಸಿಗೆ ಎಡೆಯಿಲ್ಲ. ಆದರೆ ದಿನಾಂಕಕ್ಕೆ ಕಣ್ಣಿಲ್ಲ. ಒದ್ದೆ ಗೋಡೆಯ ಕೋಣೆಯಲ್ಲಿ ಕೆಮ್ಮುವ ಮಗು ಅದಕ್ಕೆ ಕಾಣಿಸದು. ಆದುದರಿಂದ ಹಲವು ಪುರಸಭೆಗಳು ಅಂಕಗಳ ಪದ್ಧತಿಯನ್ನು ತಂದವು: ಇಕ್ಕಟ್ಟಿಗೆ ಇಷ್ಟು, ರೋಗಕ್ಕೆ ಇಷ್ಟು, ಕಾದ ಕಾಲಕ್ಕೆ ಇಷ್ಟು. ಸಂಕಟವನ್ನು ತಕ್ಕಡಿಗೆ ಹಾಕುವುದು ನಿರ್ದಯವೆನಿಸಬಹುದು. ಆದರೆ ತಕ್ಕಡಿಯಿಲ್ಲದ ಕಡೆ ತೂಗುವವನ ಮನಸ್ಸೇ ತಕ್ಕಡಿಯಾಗುತ್ತದೆ.

ಹಾಗೆಯೇ ಆಯಿತು. ಅಧಿಕಾರಿಗಳು ಅರ್ಜಿದಾರರ ಮನೆಗೆ ಹೋಗಿ, ಗೃಹಿಣಿಯ ಅಚ್ಚುಕಟ್ಟನ್ನು ಅಳೆದು, ಅದಕ್ಕೆ ತಕ್ಕಂತೆ ಒಳ್ಳೆಯ ಮನೆಯನ್ನೋ ಹಳೆಯ ಮನೆಯನ್ನೋ ಗೊತ್ತುಮಾಡುತ್ತಿದ್ದುದುಂಟು. 1969ರ ಕಲಿಂಗ್‌ವರ್ತ್ ಸಮಿತಿಯ ವರದಿ ಇಂತಹ ನೀತಿಪಾಠದ ಧೋರಣೆಯನ್ನು ಟೀಕಿಸಿತು. ಮನೆ ಯೋಗ್ಯತೆಗೆ ಕೊಡುವ ಬಹುಮಾನವಲ್ಲ, ಅಗತ್ಯಕ್ಕೆ ಸಲ್ಲುವ ಆಸರೆ ಎಂಬುದು ಅದರ ನಿಲುವು. ಐದು ವರ್ಷ ಊರಲ್ಲಿ ನೆಲೆಸಿರಬೇಕೆಂಬ ಬರ್ಮಿಂಗ್‌ಹ್ಯಾಮಿನ ನಿಯಮ ಮೇಲುನೋಟಕ್ಕೆ ಎಲ್ಲರಿಗೂ ಒಂದೇ. ಆದರೆ ಅದರ ಪೆಟ್ಟು ಹೆಚ್ಚಾಗಿ ತಗುಲಿದ್ದು ಕೆರಿಬಿಯನ್ ದ್ವೀಪಗಳಿಂದಲೂ ನಮ್ಮ ಉಪಖಂಡದಿಂದಲೂ ಹೊಸದಾಗಿ ಹೋಗಿದ್ದ ದುಡಿಮೆಗಾರರಿಗೆ.

1977ರ ಕಾಯಿದೆ ಮನೆಯಿಲ್ಲದವರ ಬಗೆಗೆ ಪುರಸಭೆಗಳಿಗೆ ಶಾಸನಬದ್ಧ ಕರ್ತವ್ಯವನ್ನು ವಿಧಿಸಿತು. ಮಕ್ಕಳಿರುವವರು, ಗರ್ಭಿಣಿಯರು, ವೃದ್ಧಾಪ್ಯದಿಂದಲೋ ಅಂಗವೈಕಲ್ಯದಿಂದಲೋ ದುರ್ಬಲರಾದವರು ಆದ್ಯತೆಗೆ ಅರ್ಹರಾದರು. ಹಂಚಿಕೆಯ ನಿಯಮಗಳನ್ನು ಬರೆದು ಪ್ರಕಟಿಸಬೇಕೆಂದೂ, ನಿರ್ಗತಿಕರು, ಇಕ್ಕಟ್ಟಿನಲ್ಲಿ ಬದುಕುವವರು, ಅನಾರೋಗ್ಯಪೀಡಿತರು ಮೊದಲಾದವರಿಗೆ ತಕ್ಕ ಆದ್ಯತೆಯಿರಬೇಕೆಂದೂ 1996ರ ಕಾಯಿದೆ ವಿಧಿಸಿತು. ಈಗ ಅನೇಕ ಊರುಗಳಲ್ಲಿ ತೆರವಾದ ಮನೆಗಳನ್ನು ಜಾಹೀರುಪಡಿಸುತ್ತಾರೆ. ಬೇಕಾದವರು ಆಸಕ್ತಿ ಸೂಚಿಸುತ್ತಾರೆ. ಹೆಚ್ಚಿನ ಅಗತ್ಯದ ವರ್ಗಕ್ಕೆ ಮೊದಲ ಮನ್ನಣೆ. ಒಂದೇ ವರ್ಗದವರಲ್ಲಿ ಹೆಚ್ಚು ಕಾಲ ಕಾದವರಿಗೆ ಮನೆ. ಅಗತ್ಯವೂ ಕಾಲವೂ ಹೀಗೆ ರಾಜಿಯಾಗಿವೆ.

ಆದರೆ ಎಂತಹ ನ್ಯಾಯವಾದ ಹಂಚಿಕೆಯೂ ಇಲ್ಲದ ಮನೆಯನ್ನು ಸೃಷ್ಟಿಸಲಾರದು. 1980ರ ಕಾಯಿದೆ ಬಾಡಿಗೆದಾರರಿಗೆ ತಮ್ಮ ಮನೆಗಳನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕನ್ನು ಕೊಟ್ಟಿತು. ಅನೇಕ ಕುಟುಂಬಗಳಿಗೆ ಅದು ಜೀವಮಾನದ ಭಾಗ್ಯ. ಮಾರಾಟವಾದ ಮನೆಗಳು ಲಕ್ಷಗಟ್ಟಲೆ. ಬದಲಾಗಿ ಕಟ್ಟಿದವು ಅಷ್ಟಿಲ್ಲ. 2024ರಲ್ಲಿ ಇಂಗ್ಲೆಂಡಿನ ಪಟ್ಟಿಗಳಲ್ಲಿ 13 ಲಕ್ಷಕ್ಕೂ ಮಿಗಿಲಾದ ಕುಟುಂಬಗಳಿದ್ದವು.

ಆರಂಭದ ಇಬ್ಬರಿಗೆ ಮರಳೋಣ. ಇಂದಿನ ನಿಯಮದಂತೆ ಆ ತಾಯಿಗೆ ಆದ್ಯತೆ ದೊರೆತೀತು; ದೊರೆಯಬೇಕಾದದ್ದೂ ಸರಿಯೇ. ಆದರೆ ಹತ್ತು ವರ್ಷ ಕಾದವನು ಬರಿಗೈಯಲ್ಲಿ ಹಿಂದಿರುಗುವಾಗ ಅವಳನ್ನು ದೂರಿದರೆ, ಅದು ತಪ್ಪು ವಿಳಾಸಕ್ಕೆ ಬರೆದ ಕಾಗದ. ಅವನ ಮನೆಯನ್ನು ಕಸಿದವಳು ಅವಳಲ್ಲ. ಅವನಿಗಾಗಿ ಕಟ್ಟಬೇಕಾಗಿದ್ದ ಮನೆಯನ್ನು ಯಾರೂ ಕಟ್ಟಲಿಲ್ಲ. ಸರತಿಯಲ್ಲಿ ಯಾರು ಮುಂದೆ ನಿಲ್ಲಬೇಕೆಂದು ವಾದಿಸುವ ಸಮಾಜ, ಸರತಿ ಏಕೆ ಇಷ್ಟು ಉದ್ದವಾಯಿತೆಂದು ಕೇಳಲು ಮರೆಯಬಾರದು.