ಅದು ಬರೀ ಟಿ.ಬಿ. ಅಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕೆಜಿಎಫ್ ಅಂದಕೂಡಲೆ ಜನಕ್ಕೆ ಚಿನ್ನ ನೆನಪಾಗುತ್ತದೆ. ನಾನಿವತ್ತು ಅಲ್ಲಿನ ದೂಳಿನ ಬಗ್ಗೆ ಮಾತಾಡ್ತೀನಿ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಗಣಿ ನಡೆಸತೊಡಗಿತು. ನೆಲದಡಿಗೆ ಇಳಿದವರು ಯಾರು? ಬಹುಪಾಲು ತಮಿಳು ಸೀಮೆಯ ಉತ್ತರ ಆರ್ಕಾಟು ಕಡೆಯಿಂದ ಬಂದ ಆದಿ ದ್ರಾವಿಡರು, ನಮ್ಮವರು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಒಳಗೆ. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ, ಮದ್ದಿಟ್ಟು ಸಿಡಿಸಿದಾಗ ಎದ್ದ ದೂಳನ್ನೆಲ್ಲ ಇವರೇ ಕುಡಿದರು.

ಕಣ್ಣಿಗೆ ಕಾಣುವ ದೂಳು ಮೂಗು ಗಂಟಲಲ್ಲೇ ನಿಲ್ಲುತ್ತೆ. ಕೊಲ್ಲೋದು ಕಾಣದ ದೂಳು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ಸಣ್ಣ ಕಣ ಪುಪ್ಪುಸದ ತಳಕ್ಕೆ ಇಳಿಯುತ್ತದೆ. ದೇಹದ ಕಾವಲು ಕಣಗಳು ಅದನ್ನು ನುಂಗಿ ತಾವೇ ಸಾಯುತ್ತವೆ. ಆ ಜಾಗ ಗಾಯವಾಗಿ, ಗಂಟು ಕಟ್ಟಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ದುಡಿದ ಮೇಲೆ ತೋರುತ್ತದೆ. ಮೊದಲು ಒಣ ಕೆಮ್ಮು, ದಿಬ್ಬ ಹತ್ತಿದರೆ ಏದುಸಿರು. ಕೊನೆಗೆ ಕೂತಲ್ಲೇ ಉಸಿರು ಸಾಲದು. ವಾಸಿ ಮಾಡುವ ಮದ್ದಿಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯಬಹುದು.

1940ರ ದಶಕದಲ್ಲಿ ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರ ತಪಾಸಣೆ ನಡೆಯಿತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ರೋಗ ಇತ್ತು.

ಹಾಗಿದ್ದರೆ ಇದರ ಹೆಸರು ನಮ್ಮ ಕೇರಿಗಳಲ್ಲಿ ಯಾಕೆ ಕೇಳಿಸೋದಿಲ್ಲ? ಸಿಲಿಕಾ ಹೊಕ್ಕ ಎದೆಗೆ ಟಿ.ಬಿ. ಬೇಗ ಹತ್ತುತ್ತದೆ. ಎಕ್ಸ್-ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಚೀಟಿಯಲ್ಲಿ ಟಿ.ಬಿ. ಅಂತ ಬರೆದರೆ ಮುಗೀತು. ಟಿ.ಬಿ. ಅಂದರೆ ಬಡವನ ಬೀಡಿ, ಕುಡಿತ, ಹಣೆಬರಹ ಅಂತಾರೆ. ಸಿಲಿಕೋಸಿಸ್ ಅಂದರೆ ಮಾಲೀಕನ ದೂಳು. ಹೆಸರು ಬದಲಾದರೆ ಹೊಣೆಯೂ ಬದಲಾಗುತ್ತದೆ, ಪರಿಹಾರದ ಹಣವೂ ತಪ್ಪುತ್ತದೆ. ಇದು ದುಡಿಮೆಯಿಂದ ಬರುವ ರೋಗ ಅಂತ ಕಾನೂನು ಒಪ್ಪಿದೆ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಇದರ ಹೆಸರಿತ್ತು.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ದೂಳು ಮುಗಿಯಲಿಲ್ಲ. ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಕೊಯ್ಯುವ ಕಡೆ ಅದೇ ದೂಳು. ಎಷ್ಟೋ ಕಡೆ ಕೂಲಿಯವರ ಹೆಸರು ಹಾಜರಿ ಪುಸ್ತಕದಲ್ಲೂ ಇರಲ್ಲ. ಮೂಗಿಗೆ ಟವೆಲ್ ಕಟ್ಟಿದರೆ ಆ ಸಣ್ಣ ಕಣ ನಿಲ್ಲೋದಿಲ್ಲ. ಕೊರೆಯುವಾಗ ನೀರು ಹಾಯಿಸಬೇಕು, ದೂಳು ಹೀರುವ ಯಂತ್ರ ಇಡಬೇಕು. ಅದು ಮಾಲೀಕನ ಕೆಲಸ, ಅದನ್ನು ಕೇಳಿ ಪಡೆಯಬೇಕು.

ನಿಮ್ಮ ಕೆಲಸ ಏನು? ನೀವು ಅಕ್ಷರ ಕಲಿತವರು. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡೀರಿ. ಅಪ್ಪ, ಚಿಕ್ಕಪ್ಪ, ಅಕ್ಕ ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಏನು ಕೆಲಸ ಮಾಡಿದರು, ಜೊತೆಗೆ ಯಾರಿದ್ದರು, ಎಲ್ಲ ಬರೀರಿ. ಕೂಲಿ ಚೀಟಿ, ಎಕ್ಸ್-ರೇ ಜೋಪಾನ ಮಾಡಿ. ಡಾಕ್ಟರ ಮುಂದೆ ಬರೀ ಕೆಮ್ಮು ಅನ್ನಬೇಡಿ. "ಇಷ್ಟು ವರ್ಷ ಕಲ್ಲುದೂಳಲ್ಲಿ ದುಡಿದಿದ್ದಾರೆ, ಬರೆದುಕೊಳ್ಳಿ ಸಾರ್" ಅನ್ನಿ. ಟಿ.ಬಿ.ಯೂ ಇದ್ದರೆ ಅದರ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ತೆಗೆದ ಚಿನ್ನದ ಲೆಕ್ಕವನ್ನು ಕಂಪೆನಿ ಇಟ್ಟಿತು. ಹೋದ ಉಸಿರಿನ ಲೆಕ್ಕವನ್ನು ನಾವೇ ಇಡಬೇಕು.