ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕ



ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಓದು ಬಾರದು, ಲೆಕ್ಕ ಬಾರದು ಎಂಬ ದೂರು ನಮ್ಮ ದಾವಣಗೆರೆ ಹರಿಹರಗಳ ಸೀಮೆಯಲ್ಲಿ ನಿತ್ಯದ ಮಾತಾಗಿದೆ. ಆ ದೂರು ಸಂಪೂರ್ಣ ಅಸತ್ಯವೆಂದು ನಾನು ವಾದಿಸಹೊರಟಿಲ್ಲ. ಆದರೆ ಆ ಶಾಲೆಯೊಳಗೆ ಇಂದು ಕುಳಿತಿರುವ ಮಕ್ಕಳು ಯಾರು, ಹಿಂದೆ ಅಲ್ಲಿ ಕುಳಿತಿದ್ದವರು ಯಾರು, ಅಲ್ಲಿಂದ ಎದ್ದುಹೋದವರು ಯಾರು ಎಂಬುದನ್ನು ವಿಚಾರಿಸದೆ, ಕೇವಲ ಅಂಕಪಟ್ಟಿಯನ್ನು ಹಿಡಿದು ತೀರ್ಪು ಕೊಡುವುದು ನ್ಯಾಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೂರು ವರ್ಷಗಳ ಹಿಂದೆ, ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಪಾಠಶಾಲೆಗಳ ವಿವರವನ್ನು ಕೇಳಿ ಬರೆದಾಗ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಒಂದು ವರದಿಯನ್ನು ಕಳುಹಿಸಿದನು. ನಮ್ಮ ನೆರೆಯ ಹರಪನಹಳ್ಳಿ ಆಗ ಆ ಜಿಲ್ಲೆಗೇ ಸೇರಿತ್ತು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಎಂದರೆ ಶಾಲೆಯೊಂದಕ್ಕೆ ಹನ್ನೆರಡು ಮಕ್ಕಳು ಮಾತ್ರ. ಜಿಲ್ಲೆಯ ಜನಸಂಖ್ಯೆಯೋ ಒಂಬತ್ತು ಲಕ್ಷಕ್ಕೆ ಮೀರಿದ್ದಿತು. ವಿದ್ಯಾರ್ಥಿಗಳ ಪಟ್ಟಿಯಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಮುಸಲ್ಮಾನರು 243, ಹೆಣ್ಣುಮಕ್ಕಳು 60. ಈ ಕಡೆಯ ಅಂಕಿಯನ್ನು ಓದುವಾಗ ಮನಸ್ಸು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತದೆ.

ಕೂಲಿಮಠಗಳೆನಿಸಿದ್ದ ಆ ಶಾಲೆಗಳ ದಿನಚರಿಯನ್ನೂ ಕ್ಯಾಂಬೆಲ್ ಬಲು ಶ್ರದ್ಧೆಯಿಂದ ಬರೆದಿದ್ದಾನೆ. ಮುಂಜಾನೆ ಆರು ಗಂಟೆಗೆ ಮಠಕ್ಕೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಗೆ ಸೊನ್ನೆ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ತಡವಾಗಿ ಬಂದಂತೆಲ್ಲ ಒಂದೊಂದು ಹೆಚ್ಚು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ, ಬಲ್ಲ ಹುಡುಗರು ಅರಿಯದವರಿಗೆ ಕಲಿಸುವುದನ್ನೂ ಮೆಚ್ಚಿಕೊಂಡ ಅದೇ ಕ್ಯಾಂಬೆಲ್, ಮಕ್ಕಳು ಪದ್ಯಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆಯೇ ಹೊರತು ಅರ್ಥವನ್ನು ತಿಳಿಯರೆಂದು ಮರುಗಿದ್ದಾನೆ. ಓದು ಬಂದರೂ ತಿಳಿವಳಿಕೆ ಬಾರದೆಂಬ ಚಿಂತೆ, ನೋಡಿ, ಸರ್ಕಾರಿ ಶಾಲೆಯೆಂಬುದು ಹುಟ್ಟುವುದಕ್ಕೆ ಮುಂಚಿನದು.

ಮೈಸೂರು ಸೀಮೆಯಲ್ಲಿ 1868ರಲ್ಲಿ ಶಿಕ್ಷಣ ಇಲಾಖೆಯ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಸರ್ಕಾರಿ ಶಾಲೆ ಏರ್ಪಡತೊಡಗಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ, ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಶಾಸನ ಬಂದಿತು. ಆ ಕಾಲದಲ್ಲಿ ಹರಿಹರದ ಹುಡುಗ ಮೈಸೂರಿನ ಪಾಠ ಓದಿದರೆ, ಹೊಳೆಯಾಚೆಯ ರಾಣೇಬೆನ್ನೂರಿನವನು ಮುಂಬಯಿ ಪ್ರಾಂತದ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದನು. ಹರಪನಹಳ್ಳಿಯವನು 1953ರವರೆಗೂ ಮದರಾಸಿನ ಪ್ರಜೆ. ಏಕೀಕರಣವಾದ ಮೇಲೆ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ, ತುಂಗಭದ್ರೆಯ ಎರಡು ದಡಗಳ ಮಕ್ಕಳು ಒಂದೇ ಶಾಸನದ ಆಶ್ರಯಕ್ಕೆ ಬಂದರು.

ಶಾಸನ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ಹೆಣ್ಣುಮಕ್ಕಳು, ಊರ ಹೊರಗಿನ ಕೇರಿಗಳ ಮಕ್ಕಳು, ಹಟ್ಟಿಗಳ ಮತ್ತು ತಾಂಡಾಗಳ ಮಕ್ಕಳು ಒಬ್ಬೊಬ್ಬರಾಗಿ ದಾಖಲಾತಿ ಪುಸ್ತಕದೊಳಗೆ ಬಂದುದು ಹಳ್ಳಿಯ ಶಾಲೆಯ ನಿಜವಾದ ಕೀರ್ತಿ. ಯಾವ ಅಂಕಪಟ್ಟಿಯೂ ಅದನ್ನು ಹೇಳುವುದಿಲ್ಲ. ತಾಂಡಾದ ಮಗುವನ್ನೇ ನೋಡಿರಿ. ಮನೆಯಲ್ಲಿ ತಾಯಿ ಆಡುವುದು ಲಂಬಾಣಿ ಮಾತು. ಒಂದನೆಯ ತರಗತಿಯ ಪುಸ್ತಕದಲ್ಲಿರುವುದು ಕನ್ನಡ. ಸುಗ್ಗಿ ಮುಗಿದು ಊರಲ್ಲಿ ಕೂಲಿ ಇಲ್ಲವಾದಾಗ ತಂದೆತಾಯಿಗಳು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮಗುವೂ ಅವರೊಡನೆ ಹೋಗುತ್ತದೆ, ಇಲ್ಲವೆ ಕಣ್ಣು ಮಂಜಾದ ಅಜ್ಜಿಯ ಬಳಿ ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳುದ್ದಕ್ಕೂ ಗೈರುಹಾಜರಿಯ ಗುರುತು. ಮರಳಿ ಬಂದ ಮೇಲೆ ಅದೇ ಮಗುವನ್ನು ಪರೀಕ್ಷೆಗೆ ಕೂರಿಸಿ, ಶಾಲೆಯ ಮಟ್ಟ ಇಳಿದಿದೆಯೆಂದು ನಾವು ಹೇಳುತ್ತೇವೆ.

ಇತ್ತ ಭದ್ರಾ ನಾಲೆಯ ನೀರು ಹರಿದು ಭತ್ತವೂ ಅಡಕೆಯೂ ಕೈಗೆ ಹಣ ತಂದುಕೊಟ್ಟ ಮನೆಗಳವರು ತಮ್ಮ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸತೊಡಗಿದರು. ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ 2012ರಿಂದ ಖಾಸಗಿ ಶಾಲೆಗಳಲ್ಲಿ ಕಾಲುಭಾಗ ಸ್ಥಾನಗಳು ಬಡವರಿಗೂ ದೊರೆತುದರಿಂದ, ಉಳಿದವರಲ್ಲಿಯೂ ಕೆಲವರು ಹೊರಟರು. 2019ರಲ್ಲಿ ಆ ನಿಯಮ ಬಿಗಿಯಾಗಿ, ಅವಕಾಶ ಕುಗ್ಗಿತು. ಮಗುವಿಗೆ ಒಳ್ಳೆಯದನ್ನು ಬಯಸಿದ ತಂದೆಯನ್ನು ನಾನು ದೂರಲಾರೆ. ಆದರೆ ಮೇಷ್ಟರನ್ನು ನಿಲ್ಲಿಸಿ ಪ್ರಶ್ನಿಸಬಲ್ಲ ಧೈರ್ಯವಿದ್ದವರೇ ಹೋದುದರಿಂದ, ಶಾಲೆಯ ಪರವಾಗಿ ಮಾತನಾಡುವ ಧ್ವನಿಯೂ ಅವರೊಡನೆ ಹೋಯಿತು.

ಈಗ ಕಲಿಕೆಯ ಮಾತು. ಹಳ್ಳಿಯ ಮಕ್ಕಳ ಓದು ಲೆಕ್ಕಗಳನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 46. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಸುಮಾರು 30. ಇದು ದುಃಖದ ಸಂಗತಿ. ಆದರೆ ಈ ಲೆಕ್ಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿರುವಂತೆ ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆಂಬುದನ್ನು ಮರೆಯಬಾರದು. ಆ ಸಂಕಟಕಾಲದಲ್ಲಿ ಶುಲ್ಕ ಕಟ್ಟಲಾರದವರು ಮಕ್ಕಳನ್ನು ಕರೆದುಕೊಂಡು ಬಂದುದು ಯಾವ ಶಾಲೆಗೆ ಎಂಬುದನ್ನೂ ನೆನೆಯಬೇಕು.

ಉಪಾಯಗಳು ನಮ್ಮಲ್ಲಿ ಇಲ್ಲದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಎಂಬ ಬೋಧನಾ ಪದ್ಧತಿ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿಯೇ ಮೆಟ್ಟಿಲೇರುವಂತೆ ಮಾಡಿತು. ತಿಂಗಳುಗಟ್ಟಲೆ ಗುಳೆ ಹೋಗಿ ಬಂದ ಮಗುವಿಗೆ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವ ಅವಕಾಶ ಅದರಲ್ಲಿ ಉಂಟು. ಬಿಸಿಯೂಟ ಹಸಿವನ್ನು ತಣಿಸಿತು. ಆದರೆ ಒಬ್ಬರೇ ಮೇಷ್ಟರು ಐದು ತರಗತಿಗಳನ್ನೂ, ಊಟದ ಲೆಕ್ಕವನ್ನೂ, ಜನಗಣತಿಯನ್ನೂ ಹೊತ್ತಿರುವಲ್ಲಿ ಯಾವ ಪದ್ಧತಿ ತಾನೆ ಫಲ ಕೊಟ್ಟೀತು?

2001ರಿಂದ ಪ್ರತಿಯೊಂದು ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಎಂಬ ಪೋಷಕರ ಸಮಿತಿ ಇದೆ. ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿತು ಇಂದು ದಾವಣಗೆರೆಯ ವಿನೋಬನಗರದಲ್ಲಿಯೋ ಹರಿಹರದಲ್ಲಿಯೋ ನೆಲೆಸಿರುವವರಲ್ಲಿ ನನ್ನದೊಂದು ಪ್ರಾರ್ಥನೆ: ಮುಂದಿನ ಸಲ ಊರಿಗೆ ಹೋದಾಗ ಆ ಸಮಿತಿಯವರನ್ನು ಕಂಡು ಮಾತನಾಡಿರಿ, ಎಷ್ಟು ಮಕ್ಕಳು ಗುಳೆ ಹೋಗಿದ್ದಾರೆ, ಅವರು ಹಿಂತಿರುಗುವುದು ಯಾವಾಗ, ಅವರನ್ನು ಊರಲ್ಲಿಯೇ ಉಳಿಸಿಕೊಳ್ಳಲು ಏನು ಬೇಕು ಎಂದು ಕೇಳಿರಿ, ಮೂರನೆಯ ತರಗತಿಯ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ, ಅದರ ಅರ್ಥವನ್ನೂ ವಿಚಾರಿಸಿರಿ.