ಓದುಗನ ಪ್ರಶ್ನೆಗೆ ವಾಚನಾಲಯದ ಉತ್ತರ

(ಹರಿಹರದ ಬಳಿಯ ಗ್ರಾಮವೊಂದರ ವಾಚನಾಲಯದಲ್ಲಿ ರೈತರ ಸಭೆಯನ್ನುದ್ದೇಶಿಸಿ ಮಾಡಿದ ಭಾಷಣ)



ಕಳೆ ತೆಗೆಯುವ ದಿನಗಳಲ್ಲಿ ನಿಮ್ಮನ್ನು ಕರೆದು ಕೂರಿಸಿ ವಾಚನಾಲಯದ ಮಾತನ್ನಾಡುವುದು ಧೈರ್ಯದ ಕೆಲಸವೇ ಸರಿ. ಆದರೂ ನಿಮ್ಮ ಹೊಲಕ್ಕೂ ಈ ಕೊಠಡಿಗೂ ಸಂಬಂಧವುಂಟು. ನೀವು ಕಟ್ಟುವ ಮನೆಕಂದಾಯದ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಗ್ರಂಥಾಲಯ ಕಾಯಿದೆಯಿಂದ ಬಂದ ಏರ್ಪಾಡು ಅದು. ದುಡ್ಡು ಕೊಟ್ಟವನು ಲೆಕ್ಕ ಕೇಳಿದರೆ ತಪ್ಪಿಲ್ಲ.

ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ತೋರಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಓದುಗನ ಹೊತ್ತನ್ನು ಉಳಿಸಬೇಕೆಂಬುದು ಅವುಗಳಲ್ಲೊಂದು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಹತ್ತಿರ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಹಳ್ಳಿಗೆ ಒಯ್ದರು. ಪುಸ್ತಕವೇ ಓದುಗನ ಬಾಗಿಲಿಗೆ ಬಂದಿತು. ಈಗ ಆ ಗಾಡಿಯ ಕೆಲಸವನ್ನು ನಿಮ್ಮ ಜೇಬಿನಲ್ಲಿರುವ ಫೋನು ಮಾಡಬಲ್ಲದು. ಮಾಡುತ್ತಿದೆಯೇ? ಅದನ್ನು ವಿಚಾರಿಸುತ್ತ ನಾನು ಈಚೆಗೆ ಒಂದಷ್ಟು ಊರು ಸುತ್ತಿದೆ, ಒಂದಷ್ಟು ಜಾಲತಾಣಗಳನ್ನೂ ನೋಡಿದೆ.

ಮೊದಲು ಬ್ಲಾಗ್ ಎಂದರೇನೆಂದು ಹೇಳಿಬಿಡುತ್ತೇನೆ. ಅದು ತಾರೀಖು ಹಾಕಿ ಬರೆದ ದಿನಚರಿ, ಅಷ್ಟೇ. ಹೊಸದು ಮೇಲೆ, ಹಳೆಯದು ಕೆಳಗೆ. ಪ್ರತಿಯೊಂದು ಬರಹದ ಅಡಿಯಲ್ಲಿ ಓದಿದವರು ಬರೆಯಲು ಜಾಗವಿರುತ್ತದೆ. ಪಂಚಾಯಿತಿಯ ನೋಟೀಸು ಬೋರ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಬೋರ್ಡು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ವಾಟ್ಸಾಪ್ ಇದೆಯಲ್ಲ ಎನ್ನುವಿರಿ. ಇದೆ. ಆದರೆ ಅಲ್ಲಿ ಬೆಳಗಿನ ಒಳ್ಳೆಯ ಮಾತು ಸಂಜೆಯೊಳಗೆ ನೂರು ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಮುಂದಿನ ವರ್ಷ ಹುಡುಕಿದರೆ ಕೈಗೆ ಸಿಕ್ಕುವುದಿಲ್ಲ.

ಒಂದು ಉದಾಹರಣೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿತು. ನಮ್ಮ ದೇಶದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ದಾವಣಗೆರೆ ಜಿಲ್ಲೆಯೆಂದರೆ ಮೆಕ್ಕೆಜೋಳದ ಜಿಲ್ಲೆ; ಅದರ ಕಾಟ ನಿಮಗೆ ನಾನು ಹೇಳಬೇಕಾಗಿಲ್ಲ. ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ, ಹುಳುವಿನ ತಲೆಯ ಮೇಲೆ ಬುಡಮೇಲಾದ ಇಂಗ್ಲಿಷಿನ ‘ವೈ’ ಅಕ್ಷರದ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆ. ಈ ಗುರುತು ತಿಳಿಯದೆ, ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಹೊಡೆದು ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಒಬ್ಬ ರೈತ ಹುಳುವಿನ ಚಿತ್ರದೊಡನೆ ಪ್ರಶ್ನೆ ಬರೆದು, ಅದಕ್ಕೆ ಬಲ್ಲವರು ಉತ್ತರ ಬರೆದು, ಎರಡೂ ವಾಚನಾಲಯದ ಪುಟದಲ್ಲಿ ಉಳಿದರೆ, ಅದೇ ಸಂಕಟದ ನೂರನೆಯ ರೈತನಿಗೂ ಅದು ದಕ್ಕುತ್ತದೆ.

ಇನ್ನು ಉತ್ತರ ಬರೆಯುವವರು ಯಾರು? ವಾಚನಾಲಯದ ಮೇಲ್ವಿಚಾರಕರು ಕೃಷಿ ಪಂಡಿತರಲ್ಲ. ಅವರು ಆಗಬೇಕಾಗಿಯೂ ಇಲ್ಲ. ಪ್ರಶ್ನೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ತಲುಪಿಸಿ, ಬಂದ ಉತ್ತರವನ್ನು ಹೇಳಿದವರ ಹೆಸರು, ತಾರೀಖು ಸಹಿತ ಹಾಕಿದರೆ ಸಾಕು. ಹೆಸರಿಲ್ಲದ ಸಲಹೆಯನ್ನು ಹಾಕಕೂಡದು. ಕೇಳಿದ ರೈತನ ಫೋನ್ ನಂಬರನ್ನೂ ಹಾಕಕೂಡದು.

ಹೊರದೇಶಗಳಲ್ಲಿ ಇದು ಆಗಿದೆ. ಅಮೆರಿಕದ ಮಿಷಿಗನ್ ಪ್ರಾಂತ್ಯದ ಆನ್ ಆರ್ಬರ್ ಎಂಬ ಊರಿನ ಗ್ರಂಥಾಲಯವು 2005ರಲ್ಲಿ ತನ್ನ ಜಾಲತಾಣವನ್ನೇ ಬ್ಲಾಗಿನ ರೂಪಕ್ಕೆ ತಿರುಗಿಸಿತು. ಓದುಗರು ಅಲ್ಲಿಯೇ ಮೆಚ್ಚುಗೆಯನ್ನೂ ದೂರನ್ನೂ ಬರೆಯತೊಡಗಿದರು. ನನ್ನ ಮನಸ್ಸಿಗೆ ಇನ್ನೂ ಹಿಡಿಸಿದ್ದು ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಮಾಡಿದ ಕೆಲಸ. 2008ರಲ್ಲಿ ಅವರು 3,000ಕ್ಕೂ ಹೆಚ್ಚು ಹಳೆಯ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿಟ್ಟು, ಇವುಗಳ ವಿಷಯ ತಿಳಿದವರು ಹೇಳಿ ಎಂದು ಜನರನ್ನು ಕೇಳಿದರು. ಅಷ್ಟು ದೊಡ್ಡ ಗ್ರಂಥಾಲಯ ಜನಸಾಮಾನ್ಯರ ಮುಂದೆ ಕೈಚಾಚಿತು. ಎಲ್ಲೆಲ್ಲಿಂದಲೋ ಜನ ಬರೆದು ಊರು, ಮನುಷ್ಯರ ಹೆಸರು, ಸಂದರ್ಭಗಳನ್ನು ತಿಳಿಸಿದರು; ದಾಖಲೆಗಳು ತಿದ್ದುಪಡಿಯಾದವು.

ದಾವಣಗೆರೆಯ ಹತ್ತಿಗಿರಣಿಗಳನ್ನು ನೆನೆಸಿಕೊಳ್ಳಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರು ಅದು. ಗಿರಣಿಯ ಸೈರನ್ನಿಗೆ ಎದ್ದು ಪಾಳಿಗೆ ಹೋದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಬಳಿ ಒಂದು ಹಳೆಯ ಚಿತ್ರವಿಟ್ಟು, ಅಜ್ಜ, ಇವರು ಯಾರು ಎಂದು ಕೇಳುವ ಹುಡುಗ ಬೇಕು. ಹತ್ತು ವರ್ಷ ಬಿಟ್ಟು ಕೇಳಿದರೆ ಹೇಳುವವರು ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಸಾಮಗ್ರಿಗೇನೂ ಕೊರತೆಯಿಲ್ಲ. 2009ರಲ್ಲಿ ಜ್ಞಾನ ಆಯೋಗದ ಯೋಜನೆಯಾಗಿ ‘ಕಣಜ’ ಹುಟ್ಟಿತು, ಹೆಸರು ನಮ್ಮದೇ. 2020ರ ಫೆಬ್ರವರಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. ಕಂಪ್ಯೂಟರುಗಳೂ ಬಂದಿವೆ. ಆದರೆ ಭದ್ರಾ ನಾಲೆಯ ಕೊನೇಭಾಗದವರಿಗೆ ನಾನು ವಿವರಿಸಬೇಕೆ? ಅಣೆಕಟ್ಟಿನಲ್ಲಿ ನೀರಿದ್ದ ಮಾತ್ರಕ್ಕೆ ನಿಮ್ಮ ಗದ್ದೆ ನೆನೆಯಿತೆಂದಲ್ಲ.

ನಾನು ನೋಡಿದ ಒಂದು ಪುಟದ ಕಥೆ ಹೇಳುತ್ತೇನೆ. ಗ್ರಂಥಾಲಯ ಯಾವುದೆಂದು ಹೇಳುವುದಿಲ್ಲ. ಅದರಲ್ಲಿದ್ದ ಕಟ್ಟಕಡೆಯ ಸುದ್ದಿ ಉದ್ಘಾಟನೆಯದು. ಹಾರ, ಶಾಲು, ದೀಪ ಎಲ್ಲ ಇತ್ತು. ಅದರ ಅಡಿಯಲ್ಲಿ ಒಬ್ಬರು ಕೇಳಿದ್ದರು: “ಭಾನುವಾರ ತೆಗೆದಿರುತ್ತದೆಯೇ? ಮಗಳಿಗೆ ಪರೀಕ್ಷೆಯ ಪುಸ್ತಕ ಬೇಕು.” ಕೇಳಿ ವರ್ಷ ಕಳೆದಿತ್ತು. ಒಂದು ಸಾಲಿನ ಉತ್ತರವೂ ಇರಲಿಲ್ಲ. ಆ ತಂದೆ ಬಸ್ ಚಾರ್ಜು ಹಾಕಿಕೊಂಡು ಹೋಗಿ ಬೀಗ ನೋಡಿ ಬಂದರೋ ಏನೋ.

ಆದುದರಿಂದ ನೀವು ವಾಚನಾಲಯವನ್ನು ಪರೀಕ್ಷಿಸುವಾಗ ಕಂಪ್ಯೂಟರ್ ಎಷ್ಟಿವೆಯೆಂದು ಎಣಿಸಬೇಡಿ. ಕಡೆಯ ಬರಹದ ತಾರೀಖು ಯಾವುದು, ಕೇಳಿದ ಪ್ರಶ್ನೆಗೆ ಎಷ್ಟು ದಿನಕ್ಕೆ ಉತ್ತರ ಬಂತು, ಆ ಉತ್ತರ ನಿಮಗೆ ಅರ್ಥವಾಗುವ ಕನ್ನಡದಲ್ಲಿದೆಯೇ ಎಂದು ನೋಡಿ. ಫೋನಿಲ್ಲದ ಹೆಣ್ಣುಮಕ್ಕಳ ಪ್ರಶ್ನೆ ಅಲ್ಲಿಗೆ ಹೇಗೆ ತಲುಪುತ್ತದೆಂದೂ ಕೇಳಿ. ಈ ಕಡೆಯದಕ್ಕೆ ಎಲ್ಲೂ ನನಗೆ ನೇರವಾದ ಉತ್ತರ ಸಿಕ್ಕಲಿಲ್ಲ.

ಅದಕ್ಕಾಗಿ ಇಲ್ಲಿಯ ಮೇಲ್ವಿಚಾರಕರೂ ನಾನೂ ಮಾತಾಡಿಕೊಂಡು ಒಂದು ಏರ್ಪಾಡು ಮಾಡಿದ್ದೇವೆ. ಬಾಗಿಲ ಪಕ್ಕದ ಮೇಜಿನ ಮೇಲೆ ಗೆರೆ ಹಾಕಿದ ನೋಟುಪುಸ್ತಕವಿರುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಶಾಲೆಯ ಮಕ್ಕಳು ಬರೆದುಕೊಡುತ್ತಾರೆ. ಶನಿವಾರ ಸಂಜೆ ಆ ವಾರದ ಪ್ರಶ್ನೋತ್ತರಗಳನ್ನು ವಾಚನಾಲಯದ ಪುಟಕ್ಕೆ ಏರಿಸಿ, ಒಂದು ಪ್ರತಿಯನ್ನು ಹಾಲಿನ ಡೇರಿಯ ಗೋಡೆಗೂ ಅಂಟಿಸಲಾಗುವುದು. ಉತ್ತರ ಬಾರದ ಪ್ರಶ್ನೆಯನ್ನು ಅಳಿಸುವುದಿಲ್ಲ. ಬಾಕಿ ಎಂದು ಬರೆದು ಮೇಲೆಯೇ ಇಡುತ್ತೇವೆ.

ಪುಸ್ತಕ ಇಲ್ಲೇ ಇದೆ. ಪೆನ್ನನ್ನು ದಾರದಲ್ಲಿ ಕಟ್ಟಿದ್ದೇವೆ. ಈ ಸಲದ ನಾಲೆ ನೀರಿನ ಸರದಿಯ ಬಗ್ಗೆ ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಕೇಳುತ್ತಿದ್ದಿರಿ. ಬನ್ನಿ, ಮೊದಲನೆಯ ಪ್ರಶ್ನೆ ಅದೇ ಆಗಲಿ.